ಎಡೆಯ ದಿನ ನಮ್ಮನ್ನು ಹೊರಗಿಟ್ಟ ಟೆಂಪ್ಲೇಟ್ ಮಹನೀಯರಿಗೆ

ಮಾನ್ಯರೇ,

ಮನೆಯ ನಕ್ಷೆ ಬರೆಯುವವರ ಕಂಪ್ಯೂಟರಿನಲ್ಲಿ ಸದಾ ಸಿದ್ಧರಾಗಿ ಕುಳಿತಿರುವ ತಮ್ಮ ಸನ್ನಿಧಾನಕ್ಕೆ ದೇವನಹಳ್ಳಿ ತಾಲ್ಲೂಕು ನಲ್ಲೂರಿನ ಅಶ್ವತ್ಥಮ್ಮ ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ವಾಡಿಕೆ. ಆದರೆ ತಮಗೆ ಹಸಿವಿಲ್ಲ, ನೆಂಟರಿಲ್ಲ, ಮನೆಯಲ್ಲಿ ಸತ್ತವರಿಲ್ಲ ಎಂಬುದು ತಾವು ಕೊಟ್ಟ ಮನೆಯಲ್ಲಿ ವಾಸ ಮಾಡಿದ ಮೇಲೆ ಖಚಿತವಾಗಿರುವುದರಿಂದ ಆ ಪ್ರಶ್ನೆಯನ್ನು ಬಿಟ್ಟಿದ್ದೇನೆ.

ವಿಮಾನ ನಿಲ್ದಾಣದ ಕಡೆಗೆ ಹೋಗುವ ರಸ್ತೆ ಅಗಲವಾದಾಗ ನಮ್ಮ ಹಳೆಯ ಮನೆ ಹೋಯಿತು. ಹೊಸ ಮನೆಗೆ ಪಾಯ ತೆಗೆಯುವ ಮೊದಲೇ, ಮಾಘ ಮಾಸದಲ್ಲಿ, ನನ್ನ ಯಜಮಾನರಾದ ಆದಿನಾರಾಯಣಪ್ಪನವರೂ ಹೋದರು. ಹಾಗಾಗಿ ನಕ್ಷೆ ಬರೆಸಲು ಇಂಜಿನಿಯರ್ ಅಂಬರೀಶರ ಕಚೇರಿಗೆ ನಾನೂ ಯಜಮಾನರ ಅಕ್ಕ ಮಾರಕ್ಕನೂ ಹೋದೆವು. ಹೊಸ ಮನೆ ಎಂದರೆ ಬಿಳಿ ಹಾಳೆಯ ಮೇಲೆ ಮೊದಲ ಗೆರೆ ಎಳೆದು ಶುರು ಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ಆ ಅಜ್ಞಾನವನ್ನು ತಾವು ಕ್ಷಮಿಸಬೇಕು. ಅಂಬರೀಶರು ಒಂದು ಗುಂಡಿ ಒತ್ತಿದರು, ತಮ್ಮ ಹೆಸರನ್ನು ಆರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮನೆ ಮುಗಿದೇ ಹೋಗಿತ್ತು. ಅಡುಗೆಮನೆ, ಊಟದ ಜಾಗ, ಹಾಲ್ ಎಂಬ ನಡುಮನೆ ಎಲ್ಲವೂ ಗೋಡೆಯಿಲ್ಲದೆ ಒಂದೇ ಆಗಿದ್ದವು. ಬೀದಿಯ ಕಡೆಗೆ ನೆಲದಿಂದ ಸೂರಿನವರೆಗೆ ಗಾಜು. ನಮ್ಮಲ್ಲಿಲ್ಲದ ಕಾರಿಗೆ, ನಾವು ಮಲಗುವುದಕ್ಕಿಂತ ದೊಡ್ಡ ಜಾಗ. ಯಾರದೋ ಮನೆಗೆಂದು ಹುಟ್ಟಿ, ಬಂದವರಿಗೆಲ್ಲ ಅದನ್ನೇ ಕೊಡುವ ತಮ್ಮ ಔದಾರ್ಯವನ್ನು ಹೊಗಳಲು ನನ್ನ ಪ್ರೌಢಶಾಲೆಯ ಕನ್ನಡ ಸಾಲದು.

ಎಲ್ಲಕ್ಕಿಂತ ಹೆಚ್ಚಾಗಿ, ಚಿತ್ರದಲ್ಲಿ ಮುಂಬಾಗಿಲ ಮುಂದೆ ಕೋಟು ತೊಟ್ಟ ಗಂಡಸೊಬ್ಬರನ್ನು ನಿಲ್ಲಿಸಿದ ತಮ್ಮ ಮುನ್ನೆಚ್ಚರಿಕೆಗೆ ನಾನು ಬೆರಗಾದೆ. ಗಂಡನ ತಿಥಿಯ ಎಲೆ ಇನ್ನೂ ಒಣಗಿರಲಿಲ್ಲ.

"ಯಾರೇ ಇವ್ನು, ನನ್ನ ತಮ್ಮನ ಬಾಗ್ಲಲ್ಲಿ?" ಎಂದು ಮಾರಕ್ಕ ಕೇಳಿದರು.

"ಅದು ಟೆಂಪ್ಲೇಟಲ್ಲೇ ಬರುತ್ತಮ್ಮ, ಬಾಗ್ಲು ಎಷ್ಟು ಎತ್ತರ ಅಂತ ಗೊತ್ತಾಗ್ಲಿ ಅಂತ ನಿಲ್ಸಿರ್ತಾರೆ," ಎಂದರು ಅಂಬರೀಶ್.

"ಅಳತೆ ನೋಡಾಯ್ತಲ್ಲ, ಕಳ್ಸಪ್ಪ ಅತ್ಲಾಗೆ."

ಕೋಟಿನವರು ಹೋಗಲಿಲ್ಲ. ನಾನು ಕೇಳಿದ್ದು ಎರಡೇ: ನಡುಮನೆಗೆ ಒಂದು ಬಾಗಿಲು, ಮುಂದೆ ಕೂರಲು ಒಂದು ಜಗಲಿ. "ಜಗಲಿ ಟೆಂಪ್ಲೇಟಲ್ಲಿಲ್ಲಮ್ಮ, ಕೈ ಹಾಕಿದ್ರೆ ಎಲ್ಲಾ ನಕ್ಷೆ ಶೀಟೂ ಕೆಡ್ತವೆ," ಎಂದರು. ತಮ್ಮ ಶೀಟುಗಳ ಆರೋಗ್ಯಕ್ಕೆ ಧಕ್ಕೆ ಬರುವುದು ನನಗೂ ಬೇಡವಾಗಿತ್ತು. ನಕ್ಷೆಗೆ ಒಪ್ಪಿದೆ. ಮನೆ ಎದ್ದಿತು.

ಆ ಎರಡನ್ನು ಏಕೆ ಕೇಳಿದೆ ಎಂಬುದನ್ನು ತಮ್ಮಂಥ ತಿಳಿದವರಿಗೆ ವಿವರಿಸುವುದು ಅಧಿಕಪ್ರಸಂಗ, ಆದರೂ ಬರೆಯುತ್ತೇನೆ. ಮಹಾಲಯ ಅಮಾವಾಸ್ಯೆಯ ದಿನ ನಾವು ಸತ್ತವರಿಗೆ ಇಷ್ಟವಾದದ್ದನ್ನು ಬೇಯಿಸಿ, ನಡುಮನೆಯಲ್ಲಿ ಎಲೆ ಹಾಕಿ ಎಡೆ ಇಡುತ್ತೇವೆ. ದೀಪ ಹಚ್ಚಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಜಗಲಿಯ ಮೇಲೆ ಮಾತಾಡದೆ ಕೂರುತ್ತೇವೆ. ಅವರು ಉಣ್ಣುವುದನ್ನು ಯಾರೂ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಬಾಗಿಲು ತಟ್ಟಿ, ಒಳಗಿರುವವರಿಗೆ ಏಳಲು ಸಮಯ ಕೊಟ್ಟು, ತೆರೆಯುತ್ತೇವೆ. ಈ ವರ್ಷ ನನ್ನ ಯಜಮಾನರಿಗೆ ಮೊದಲ ಎಡೆ.

ಮುದ್ದೆ, ಕೋಳಿಸಾರು, ಬಿಡಿಸಿದ ಚಕ್ಕೋತ, ಒಂದು ಕಟ್ಟು ಬೀಡಿ ಇಟ್ಟೆ. ತಮ್ಮ ಗಾಜಿನಾಚೆ ಬೀದಿಯವರೆಲ್ಲ ಕಾಣುತ್ತಿದ್ದುದರಿಂದ ಉದ್ದಕ್ಕೂ ನನ್ನ ಸೀರೆಗಳನ್ನು ಇಳಿಬಿಟ್ಟೆ. ಜಗಲಿಯಿಲ್ಲದ ಕಾರಣ ಕಾರಿನ ಜಾಗದಲ್ಲಿ, ಸುಡುವ ಟೈಲ್ಸಿನ ಮೇಲೆ ಕುಕ್ಕರಗಾಲಲ್ಲಿ ಕುಳಿತೆವು. ನಡುಮನೆಗೆ ಬಾಗಿಲಿಲ್ಲದ್ದರಿಂದ ಮುಂಬಾಗಿಲನ್ನೇ ಎಳೆದುಕೊಂಡಿದ್ದೆವು. ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುವ, ಮುಚ್ಚಿದರೆ ತಾನೇ ಬೀಗ ಹಾಕಿಕೊಳ್ಳುವ ಆ ಬಾಗಿಲು ತಮ್ಮದೇ ಆಯ್ಕೆ.

ನನ್ನ ಮೈದುನ ಚಿಕ್ಕವೆಂಕಟಪ್ಪ ಪದ್ಧತಿಯಂತೆ ತಟ್ಟಿದ. ತಳ್ಳಿದ. ಭುಜ ಕೊಟ್ಟ.

"ಅತ್ತಿಗೆ, ಬೀಗದ ಕೈ ಎಲ್ಲೈತೆ?"

"ಒಳಗೆ. ನಿಮ್ಮಣ್ಣನ ಎಲೆ ಪಕ್ಕ."

ಅಮಾವಾಸ್ಯೆಯ ದಿನ ಯಾವ ಬಡಗಿಯೂ ತನ್ನ ಮನೆಯ ಎಡೆ ಬಿಟ್ಟು ಬರುವುದಿಲ್ಲ. ಬಿಸಿಲು ಏರಿತು. ಗಾಜು ಒಡೆಯಲು ಚಿಕ್ಕವೆಂಕಟಪ್ಪ ಕಲ್ಲು ಎತ್ತಿಕೊಂಡ. ಮಾರಕ್ಕ ಅವನ ಕೈ ಹಿಡಿದರು.

"ಕೆಳಗೆ ಹಾಕ್ಲಾ. ಬದುಕಿದ್ದಾಗ ಡ್ಯೂಟಿ ಗಾಡಿ ಹಾರ್ನ್ ಹೊಡೆದ್ರೆ ಅರ್ಧ ಮುದ್ದೇಲೇ ಎದ್ದೋಗೋನು. ಇವತ್ತಾದ್ರೂ ನಿಧಾನಕ್ಕೆ ಉಣ್ಲಿ."

ನನ್ನ ಯಜಮಾನರಿಗೆ ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಪಾಳಿ ಕೆಲಸವಿತ್ತು. ಮಾರಕ್ಕ ಹೇಳಿದ್ದು ನಿಜ. ಚಿಕ್ಕವೆಂಕಟಪ್ಪ ಕಲ್ಲು ಕೆಳಗಿಟ್ಟು ಬಂದು ನಮ್ಮ ಪಕ್ಕ ಕುಳಿತ. ಸಂಜೆ ಬಡಗಿ ಬಂದು ಬೀಗ ಬಿಚ್ಚಿದಾಗ ಮುದ್ದೆಯ ಮೇಲ್ಭಾಗ ಒಣಗಿತ್ತು, ಎಣ್ಣೆ ತೀರಿ ದೀಪ ಆರಿತ್ತು. ಅಷ್ಟು ಹೊತ್ತು ಅವರನ್ನು ಒಂದು ಎಲೆಯ ಮುಂದೆ ಕೂರಿಸಲು ಮದುವೆಯಾದಂದಿನಿಂದ ನನ್ನಿಂದ ಆಗಿರಲಿಲ್ಲ. ಇದಕ್ಕಾಗಿ ತಮಗೆ ಕೃತಜ್ಞತೆ ಹೇಳುವುದು ಧರ್ಮವಿರಬಹುದು. ಹೇಳುವುದಿಲ್ಲ. ತಾವು ಅದನ್ನು ಅವರಿಗಾಗಿ ಮಾಡಲಿಲ್ಲ.

ಆದ್ದರಿಂದ ತಮ್ಮಲ್ಲಿ ಒಂದೇ ಬಿನ್ನಹ. ಮುಂದೆ ಯಾರಾದರೂ ಹೊಸ ಮನೆ ಎಂದು ಗುಂಡಿ ಒತ್ತಿದರೆ, ಕಾರಿಗೆ ಜಾಗ ಬಿಡುವ ಮೊದಲು, ಈ ಮನೆಯಲ್ಲಿ ತೀರಿಕೊಂಡವರು ಯಾರು, ಅವರು ಎಲ್ಲಿ ಕುಳಿತು ಉಣ್ಣಬೇಕು ಎಂದು ತಾವು ಕೇಳುವಂತಾಗಲಿ. ಉತ್ತರ ಬರುವವರೆಗೆ ಹಾಳೆ ಬಿಳಿಯಾಗಿಯೇ ಇರಲಿ. ಸರ್ವಜ್ಞರಾದ ತಮಗೆ ಕೇಳುವ ಅಭ್ಯಾಸವಿಲ್ಲವೆಂದು ಬಲ್ಲೆ. ಅದನ್ನು ಕಲಿಯುವವರೆಗೆ ನಮ್ಮೂರಿನ ಕಡೆ ದಯಮಾಡಿಸಬೇಡಿ.

ತಾವು ಹೆಸರು ಕೇಳದಿದ್ದರೂ,
ತಮ್ಮ ವಿಶ್ವಾಸಿ,
ಅಶ್ವತ್ಥಮ್ಮ, ಆದಿನಾರಾಯಣಪ್ಪನವರ ಹೆಂಡತಿ

ಮರೆತಿದ್ದೆ: ಆ ಕೋಟಿನವರನ್ನು ಮುಂದಿನ ಮಹಾಲಯಕ್ಕೆ ಬೀಗದ ಕೈ ಹಿಡಿದುಕೊಂಡು ಹೊರಗೆ ನಿಲ್ಲಲು ಕಳುಹಿಸಿಕೊಡಿ, ನಿಂತು ಅಭ್ಯಾಸವಿರುವವರು. ನಾನು ಹೇಳುವವರೆಗೆ ತಟ್ಟಕೂಡದು. ಊಟ ಕಟ್ಟಿಕೊಂಡು ಬರಲಿ. ಒಳಗಿರುವ ಎಲೆ ಅವರದಲ್ಲ.