ಜಪಾನಿನ ಹಾಲುಗಲ್ಲು

ನನ್ನ ಸೋದರಮಾವನೊಡನೆ ಕಲ್ಲಿನ ಮಾತೆತ್ತಿದವರು ಊಟದ ಹೊತ್ತಿಗೆ ಮನೆ ಸೇರಿದ ಉದಾಹರಣೆಯೇ ಇಲ್ಲ! ದೇವರ ಕಲ್ಲಲ್ಲ, ರುಬ್ಬುವ ಕಲ್ಲಲ್ಲ. ಕ್ಷೌರದ ಕತ್ತಿ ಮಸೆಯುವ ಜಪಾನಿನ ಕಲ್ಲು. ಮಾವನ ಊರಾದ ಹೊಂಗನೂರಿಗೆ ರೇಷ್ಮೆಹುಳು ಸಾಕುವ ಹೊಸ ಕ್ರಮ ಹೇಳಿಕೊಡಲು ಬಂದಿದ್ದ ಜಪಾನಿನವರೊಬ್ಬರು, ಮಾವನ ಮನೆಯ ಮುದ್ದೆ ನುಂಗಲು ಕಲಿತ ಸಂತೋಷಕ್ಕೋ ಏನೋ, ಹೊರಡುವಾಗ ಒಂದು ಮಡಿಚುವ ಕತ್ತಿ, ಒಂದು ಚಪ್ಪಟೆ ಮಸೆಗಲ್ಲು, ಸೋಪಿನ ಚೂರಿನಂಥ ಮೂರು ಪುಟ್ಟ ಕಲ್ಲು ಕೊಟ್ಟುಹೋದರು. ಮಸೆಗಲ್ಲಿಗೆ ನೀರು ಹನಿಸಿ ಪುಟ್ಟ ಕಲ್ಲಿನಿಂದ ಉಜ್ಜಿದರೆ ಹಾಲಿನಂಥ ಗಸಿ ಬರುತ್ತದೆ. ಅದರ ಮೇಲೆ ಆಡಿಸಿದ ಕತ್ತಿ ರೇಷ್ಮೆಯಾಗುತ್ತದೆ. ಮಾವ ಆ ಪುಟ್ಟ ಕಲ್ಲುಗಳಿಗೆ ಹಾಲುಗಲ್ಲು ಎಂದು ಹೆಸರಿಟ್ಟರು.

ಮೂರರಲ್ಲಿ ಯಾವುದು ಉತ್ತಮ? ಗೂಡು ಕಟ್ಟಲು ಹಣ್ಣಾದ ರೇಷ್ಮೆಹುಳುವನ್ನು ನೋಡುವಂತೆ ಮಾವ ಒಂದೊಂದನ್ನೂ ಬೆಳಕಿಗೆ ಹಿಡಿಯುವರು, ಕಿವಿಯ ಹತ್ತಿರ ಉಜ್ಜಿ ಸದ್ದು ಕೇಳುವರು, ಗಸಿಯನ್ನು ಬೆರಳಲ್ಲಿ ತಿಕ್ಕುವರು.

"ಇದು ರಾಗಿ ಹಿಟ್ಟು. ಇದು ಮೈದಾ. ಇದು ನೋಡ್ಲಾ, ಮಗೀನ ಪೌಡರು!"

"ನನ್ನ ನೋಡಕ್ ಬಂದಾಗ ಉಪ್ಪಿಟ್ಟು ತಿಂದು ಎದ್ದೋದ್ರಿ," ಎಂದರು ಅತ್ತೆ. "ಕಲ್ಲಿಗೆ ಮಾತ್ರ ಇಷ್ಟೊತ್ತಾ?"

"ಅದಕ್ಕೇ ಕಣೆ, ಈಗ ಬುದ್ಧಿ ಬಂದೈತೆ."

ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದ ನಾನು ಸುಮ್ಮನಿರಬೇಕಲ್ಲ! "ಮಾವ, ಇದು ಜ್ವಾಲಾಮುಖಿಯ ಬೂದಿ ಗಟ್ಟಿಯಾದದ್ದು" ಎಂದೆ. ಬೂದಿ ಎಂದದ್ದೇ ತಡ, ಮಾವ ಗಸಿಯನ್ನು ನಾಲಿಗೆಗಿಟ್ಟು ಚಪ್ಪರಿಸಿದರು. ಅತ್ತೆ ಒಳಗಿನಿಂದ, "ಉಪ್ಪು ತರ್ಲಾ?"

ನಗುತ್ತಿದ್ದೆವು, ನಿಜ. ಆದರೆ ಇಷ್ಟೆಲ್ಲ ಪರೀಕ್ಷೆ ತಾತನಿಗಾಗಿ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾವನ ಅಪ್ಪ, ಅಂದರೆ ನನ್ನ ತಾತನಿಗೆ ತಲೆ ಅಲ್ಲಾಡುವ ಕಾಯಿಲೆ. ಚನ್ನಪಟ್ಟಣದ ಅಂಗಡಿಯವರು ಕ್ಷೌರಕ್ಕೆ ಹೆದರಿ ಕೈಮುಗಿದಿದ್ದರು. ಮನೆಯಲ್ಲಿ ಬ್ಲೇಡಿನಿಂದ ಮಾಡಿದಾಗ ಕೆನ್ನೆಯೆಲ್ಲ ರಕ್ತ. ಊರಿಗೇ ಅಚ್ಚುಕಟ್ಟು ಕಲಿಸಿದ್ದ ತಾತ ಕೆದರಿದ ಗಡ್ಡ ಹೊತ್ತು ಜಗಲಿಗೆ ಬರುವುದನ್ನೇ ಬಿಟ್ಟಿದ್ದರು.

"ಬ್ಲೇಡು ಒಸಿ ಒತ್ಬೇಕು ಕಣ್ಲಾ," ಎಂದಿದ್ದರು ಮಾವ. "ಇದು ಒತ್ತಂಗೇ ಇರಬಾರ್ದು. ಮುಟ್ಟಿದ್ರೆ ಸಾಕು ಅನ್ನೋ ಹಂಗಿರ್ಬೇಕು."

ಕೊನೆಗೆ ಪೌಡರಿನ ಕಲ್ಲೇ ಗೆದ್ದಿತು. ಒಂದು ಬೆಳಗ್ಗೆ ತಾತನನ್ನು ಹಿತ್ತಿಲ ಬಿಸಿಲಲ್ಲಿ ಕೂರಿಸಿ, ನೊರೆ ಹಚ್ಚಿ, ಮಾವ ಕತ್ತಿ ಬಿಚ್ಚಿದರು. ಕೆನ್ನೆ ಮುಗಿಯಿತು. ಕತ್ತಿ ಗಂಟಲಿಗೆ ಇಳಿಯಿತು. ಅಷ್ಟರಲ್ಲಿ ಪಕ್ಕದ ಹುಳುಮನೆಯಲ್ಲಿ ರೇಷ್ಮೆಹುಳುವಿನ ತಟ್ಟೆಯೊಂದು ದಡಾರೆಂದು ಬಿತ್ತು! ತಾತನ ತಲೆ ಎಗರಿತು. ಬಿಸಿಲಿಗೆ ಅಲುಗು ಮಿಂಚಿತು. ನಾನು ಊರು ಕೇಳುವಂತೆ ಕಿರುಚಿದೆ.

"ಏನ್ಲಾ," ಎಂದರು ತಾತ ನೊರೆಯೊಳಗಿಂದ, "ಕತ್ತಿ ನನ್ನ ಕುತ್ತಿಗೇಲೈತೆ, ಕಿರುಚ್ಕೊಳೋದು ನೀನಾ?"

ಒಂದು ಗೀರೂ ಇರಲಿಲ್ಲ. ಆಗ ಕಂಡೆ: ಮಾವನ ಕೈ ನಿಂತೇ ಇರಲಿಲ್ಲ. ತಾತನ ತಲೆ ಆಡಿದತ್ತ ಅದೂ ಆಡುತ್ತಿತ್ತು, ತೊಟ್ಟಿಲು ತೂಗುವ ಹಾಗೆ. ಈಗಲೂ ಆ ಮಿಂಚು ನೆನಪಾದರೆ ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ.

ತಾತ ಗಲ್ಲ ಸವರಿಕೊಂಡರು. ಮತ್ತೆ ಸವರಿಕೊಂಡರು. ಮೇಲುವಸ್ತ್ರ ಕೇಳಿ ಹೊದ್ದು, ಗೋಡೆ ಹಿಡಿದು ಜಗಲಿಗೆ ಹೊರಟರು. ದಾರಿಹೋಕರನ್ನು ಕೂಗಿ ಮಾತಾಡಿಸುವ ದನಿ ಹಿತ್ತಿಲಿಗೂ ಕೇಳಿಸಿತು.

ಮಾವ ಬಾವಿಕಟ್ಟೆಯ ಮೇಲೆ ಕುಸಿದು ಕೂತಿದ್ದರು. ಕತ್ತಿ ಮಡಿಚಲು ಹೋದರು, ಅಲುಗು ಹಿಡಿಯೊಳಗೆ ಕೂರಲೇ ಇಲ್ಲ.

"ಇದನ್ನೊಸಿ ಮಡಿಚ್ಕೊಡ್ಲಾ, ಮಗಾ," ಎಂದು ಕತ್ತಿ ನೀಡಿದರು. "ನನ್ ಕೈಲಾಗ್ತಿಲ್ಲ."