ಚಪ್ಪಲಿ ಬಿಟ್ಟು ಯುದ್ಧಕ್ಕೆ ಹೋಗುವ ಅತ್ತೆ

ನಮ್ಮ ಸೋದರತ್ತೆ ಈವರೆಗೆ ಸಾವಿರಕ್ಕೂ ಹೆಚ್ಚು ಯುದ್ಧಗಳಿಗೆ ಹೋಗಿ ಬಂದಿದ್ದಾಳೆ. ಕೊಂದಿದ್ದು ಒಬ್ಬನನ್ನೇ. ಆ ಒಬ್ಬನೂ ನಮ್ಮ ಕಡೆಯವನು!

ಗಾಬರಿಯಾಗಬೇಡಿ, ಇದು ಮೊಬೈಲಿನ ಯುದ್ಧ. ನಾಲ್ಕು ನಾಲ್ಕು ಜನರ ತಂಡಗಳು ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕಿ, ಸಿಕ್ಕ ಬಂದೂಕು ಹಿಡಿದು, ಒಂದೇ ತಂಡ ಉಳಿಯುವವರೆಗೆ ಹೊಡೆದಾಡುವ ಆಟವಿದೆಯಲ್ಲ, ಅದು. ಮಾವ ತೀರಿಕೊಂಡ ಮೇಲೆ ಅತ್ತೆ ಮಾಯಸಂದ್ರದಿಂದ ಬಂದು ತುರುವೇಕೆರೆಯ ನಮ್ಮ ಮನೆಯಲ್ಲಿ ಒಂದು ತಿಂಗಳಿದ್ದಳು. ಬೇಜಾರು ಕಳೆಯಲೆಂದು ಆಗ ನನ್ನ ಹೆಂಡತಿ ಕಲಿಸಿದ ವಿದ್ಯೆ ಇದು; ಊರಿಗೆ ಮರಳಿದ ಮೇಲೂ ಅತ್ತೆ ಅಲ್ಲಿಂದಲೇ ಆಡುತ್ತಾಳೆ. ನಮ್ಮ ತಂಡಕ್ಕೂ ಒಂದು ಆಳು ಕಡಿಮೆಯಿತ್ತು. ನಾನು, ಹೆಂಡತಿ, ಅತ್ತೆ. ದಳಪತಿ ನನ್ನ ಷಡ್ಡಕ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬೇಕರಿ ಇಟ್ಟಿರುವ ಈ ಮಹಾಶಯ ಒಂದು ಕೈಯಲ್ಲಿ ಬನ್ನು ಕೊಡುತ್ತ ಇನ್ನೊಂದು ಕೈಯಲ್ಲಿ ಮೂವರನ್ನು ಉರುಳಿಸಬಲ್ಲ. ಆಟದಲ್ಲಿ ಗೆದ್ದ ಒಂದು ಜೊತೆ ಕೆಂಪು ಬೂಟೆಂದರೆ ಅವನಿಗೆ ಪ್ರಾಣ. ಸತ್ತರೂ ಅದನ್ನು ಕಳಚುವುದಿಲ್ಲ.

ಅತ್ತೆಯ ಕೈಯಲ್ಲಿ ಸತ್ತವನು ಇವನೇ. ಬಂಡೆಯ ಮರೆಯಲ್ಲಿ ಕೂತಿದ್ದವನ ಕಾಲಬುಡಕ್ಕೆ ಅತ್ತೆ ಏನನ್ನೋ ಎಸೆದಳು. ಢಮಾರ್!

"ಅತ್ತೆಯೋರೇ! ಬಾಂಬು ಕಣ್ರೀ ಅದು!"

"ಅಯ್ಯೋ, ಹಸ್ರಾಗಿ ಗುಂಡಗಿತ್ತು ಕಣಪ್ಪ. ಎಳ್ನೀರು ಅಂದ್ಕೊಂಡೆ. ಓಡಾಡಿ ಸುಸ್ತಾಗಿದ್ದೀಯ ಅಂತ ಎಸ್ದೆ."

ಹುಟ್ಟಿದಾಗಿನಿಂದ ತೋಟದಲ್ಲೇ ಬೆಳೆದವಳಿಗೆ ಹಸಿರಾಗಿ ಗುಂಡಗಿರುವುದೆಲ್ಲ ಎಳನೀರಾಗಿ ಕಂಡರೆ ತಪ್ಪು ಯಾರದು, ನೀವೇ ಹೇಳಿ!

ಇನ್ನು ಆ ದ್ವೀಪದಲ್ಲಿ ತೆಂಗಿನ ಮರಗಳೂ ಇವೆ. ಸುತ್ತ ಗುಂಡು ಹಾರುತ್ತಿದ್ದರೂ ಅತ್ತೆ ಮರದ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿರುತ್ತಾಳೆ. "ನುಸಿ ಹೊಡ್ದೈತೆ ಕಣ್ಲಾ, ಒಂದು ಕಾಯೂ ನಿಂತಿಲ್ಲ. ಯಾರೂ ಬುಡ ಬಿಡಿಸಿ ಗೊಬ್ಬರ ಹಾಕಂಗಿಲ್ವಾ ಇಲ್ಲಿ?" ಅಷ್ಟರಲ್ಲಿ ಯಾವನೋ ದೂರದಿಂದ ಅವಳ ತಲೆಗೆ ಗುರಿಯಿಟ್ಟಿರುತ್ತಾನೆ. ತೋಟ ನೋಡುವವರನ್ನು ಹೊಡೆಯುವವನು ಎಂಥ ಮನುಷ್ಯನೋ!

ಎಲ್ಲಕ್ಕಿಂತ ದೊಡ್ಡ ರಗಳೆಯೆಂದರೆ ಬೂಟು. ಆಟದ ಮನುಷ್ಯರಿಗೆ ಬೂಟು ತೊಡಿಸಬಹುದು, ತೆಗೆಯಬಹುದು. ಅತ್ತೆ ಯಾವ ಮನೆ ಹೊಕ್ಕರೂ ಹೊಸಲಿನಾಚೆ ನಿಂತು ಮೊದಲು ಬೂಟು ಬಿಡುತ್ತಾಳೆ.

"ಗುಂಡು ಬೀಳ್ತಾ ಐತೆ, ಒಳಗ್ ಬನ್ನಿ!" ಎಂದು ಷಡ್ಡಕ ಅರಚಿದರೆ, "ಯಾರ ಮನೆಯೋ ಏನೋ. ಬೂಟುಗಾಲಲ್ಲಿ ನುಗ್ಗಾಕೆ ನಾವೇನು ಪೊಲೀಸ್ನೋರಾ?" ಎನ್ನುತ್ತಾಳೆ. ಒಳಗೆ ಬಂದವಳು ಬಾಗಿಲು ಹಾಕದೆ ಮುಂದಿನ ಹೆಜ್ಜೆ ಇಡುವುದಿಲ್ಲ. ದನ ನುಗ್ಗುತ್ತದಂತೆ! ಆ ದ್ವೀಪದಲ್ಲಿ ದನವೇ ಇಲ್ಲ!

ಆದರೆ ಒಮ್ಮೆ ಏನಾಯಿತು ಗೊತ್ತೇ? ಎರಡು ತಂಡದವರು ನಮ್ಮನ್ನು ಹುಡುಕುತ್ತ ಬಂದರು. ಬಾಗಿಲು ಮುಚ್ಚಿದೆ, ನಾವು ಮೂವರು ಅಲ್ಲಾಡದೆ ಕೂತಿದ್ದೇವೆ, ಓಡಾಡುವ ಅತ್ತೆಯ ಬರಿಗಾಲಿನ ಸಪ್ಪಳ ಕೇಳುತ್ತಿಲ್ಲ. ಖಾಲಿ ಮನೆಯೆಂದುಕೊಂಡು ಮುಂದೆ ಹೋಗಿ ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತರು. ಷಡ್ಡಕ ಮೈಕಿನಲ್ಲಿ ಕೆಮ್ಮಿ ಕೇಳಿದ: "ಹೆಂಗೆ, ನನ್ ಪ್ಲಾನು?"

ಇಷ್ಟಾದರೂ ತಂಡ ಮೇಲಿನ ದರ್ಜೆಗೆ ಏರಲಿಲ್ಲ. ಕೊನೆಗೆ ಷಡ್ಡಕ ಅತ್ತೆಯ ಜಾಗಕ್ಕೆ ತಿಪಟೂರಿನ ಒಬ್ಬ ಮಹಾಶೂರನನ್ನು ಗೊತ್ತುಮಾಡಿದ. ಒಂದು ಆಟಕ್ಕೆ ಹನ್ನೆರಡು ತಲೆ ಉರುಳಿಸುವವನಂತೆ. "ಅತ್ತೆಯೋರಿಗೆ ನೀವೇ ಹೇಳ್ಬುಡಿ. ನಿಮ್ ಕಡೆಯೋರು," ಎಂದು ನನ್ನ ತಲೆಗೆ ಕಟ್ಟಿದ.

ಭಾನುವಾರ ಬೆಳಗ್ಗೆ ಮಾಯಸಂದ್ರಕ್ಕೆ ಹೋದೆ. ಅತ್ತೆ ಅಕ್ಕಿರೊಟ್ಟಿ ಬಡಿಸಿದಳು. ತಿಂದೆ. ಇನ್ನೊಂದು ಬಡಿಸಿದಳು. ರೊಟ್ಟಿ ಬಾಯಲ್ಲಿಟ್ಟುಕೊಂಡು 'ನೀನು ತಂಡಕ್ಕೆ ಬೇಡ' ಎಂದು ಯಾರಿಗೆ ತಾನೇ ಹೇಳಲಾಗುತ್ತದೆ? ಕೊನೆಯದಾಗಿ ಒಂದು ಆಟ ಆಡಿಬಿಡೋಣ, ಆಮೇಲೆ ಹೇಳಿದರಾಯಿತು ಎಂದು ಜಗಲಿಯ ಮೇಲೆ ಅಕ್ಕಪಕ್ಕ ಕೂತೆವು.

ಅವತ್ತು ಕೊನೆಯವರೆಗೂ ಉಳಿದೆವು. ಷಡ್ಡಕ, ಹೆಂಡತಿ ಸತ್ತು ಪ್ರೇಕ್ಷಕರಾಗಿದ್ದರು. ಎದುರಾಳಿ ಒಬ್ಬನೇ ಉಳಿದಿದ್ದ, ಅವನೂ ಆಟದ ಕೊನೆಗೆ ದ್ವೀಪವನ್ನು ಮುತ್ತುವ ವಿಷಗಾಳಿಗೆ ಸಿಕ್ಕಿ ಅರೆಜೀವ. ನಾನು ಗುಂಡು ತಿಂದು ಬಯಲಲ್ಲಿ ಬಿದ್ದೆ. ಅತ್ತೆ ಮನೆಯೊಳಗೆ ಬೆಚ್ಚಗಿದ್ದಳು. ಸುಮ್ಮನೆ ಕೂತಿದ್ದರೆ ಸಾಕಿತ್ತು, ಅವನೇ ಸಾಯುತ್ತಿದ್ದ. ನಾವು ಮೇಲಿನ ದರ್ಜೆಗೆ!

"ಅಲ್ಲೇ ಇರಿ ಅತ್ತೆಯೋರೇ! ದಮ್ಮಯ್ಯ, ಆಚೆ ಬರ್ಬೇಡಿ!"

ಅತ್ತೆ ಬಾಗಿಲು ತೆರೆದಳು. ಆಚೆ ಬಂದು ಬಾಗಿಲು ಹಾಕಿದಳು. ಬರಿಗಾಲಲ್ಲಿ ಓಡಿಬಂದು ನನ್ನ ಪಕ್ಕ ಮಂಡಿಯೂರಿ ಎಬ್ಬಿಸತೊಡಗಿದಳು. ಇಬ್ಬರೂ ಸತ್ತೆವು.

ನನಗೆ ರೇಗಿಹೋಯಿತು. "ಯಾಕತ್ತೆ ಬಂದೆ? ನಾನು ಸತ್ತರೆ ಸಾಯ್ತಿದ್ದೆ! ಗೆಲ್ತಿದ್ವಲ್ಲ!"

ಅತ್ತೆ ಫೋನನ್ನು ಮಡಿಲಲ್ಲಿಟ್ಟುಕೊಂಡು ತೋಟದ ಕಡೆ ನೋಡಿದಳು.

"ನಿಮ್ ಮಾವ ಪಂಪ್‌ಸೆಟ್ ತಾವ ಬಿದ್ದಾಗ ನಾನು ಸಂಪಿಗೆ ಊರಿನ ದೇವಸ್ಥಾನಕ್ಕೆ ಹೋಗಿದ್ದೆ ಕಣ್ಲಾ. ಬರೋ ಹೊತ್ಗೆ ಎಲ್ಲಾ ಮುಗ್ದಿತ್ತು. ಇದ್ರಲ್ಲಿ ಹತ್ತು ಎಣ್ಸೋ ಗಂಟ ಪಕ್ಕದಲ್ಲಿ ಕೂತ್ರೆ ಬಿದ್ದೋರು ಎದ್ ಬತ್ತಾರೆ. ಬರೀ ಹತ್ತು. ಹೆಂಗ್ ಬುಟ್ಟು ಕೂರ್ಲಿ?"

ಆಗ ನೆನಪಾಯಿತು, ಮೈಕು ಆನ್ ಆಗಿಯೇ ಇತ್ತು. ಆ ಕಡೆಯಿಂದ ಹೆಂಡತಿ ಮೂಗೊರೆಸಿಕೊಂಡ ಸದ್ದು. ಬೇಕರಿಯ ಗದ್ದಲದ ನಡುವೆ ಷಡ್ಡಕ ಗಂಟಲು ಸರಿಮಾಡಿಕೊಂಡ.

"ಅತ್ತೆಯೋರೇ, ಇನ್ನೊಂದು ಆಟಕ್ಕೆ ಬತ್ತೀರಾ?"

"ಬತ್ತೀನಿ ಇರಪ್ಪ, ಒಲೆ ಮ್ಯಾಲಿನ ರೊಟ್ಟಿ ಸೀದೋಗಿರ್ತೈತೆ, ಇಳ್ಸಿ ಬತ್ತೀನಿ."

ಆಟ ಶುರುವಾಗುವ ಮುನ್ನ ನಾಲ್ವರೂ ಪರದೆಯ ಮೇಲೆ ಸಾಲಾಗಿ ನಿಲ್ಲುತ್ತೇವಲ್ಲ, ಆಗ ನೋಡಿದೆ. ಷಡ್ಡಕನ ಕಾಲಲ್ಲಿ ಕೆಂಪು ಬೂಟು ಇರಲಿಲ್ಲ.