ಟವೆಲಿನೊಳಗೆ ವಿಮಾನ

ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಅಕ್ಕೋಳದ ಲಗಮಣ್ಣನ ಮೀಸೆಗೆ ಕಂಟಕ ಬರುತ್ತಿರಲಿಲ್ಲ. ಆದರೆ ಎದುರುಮನೆಯ ದಾದಾಸಾಹೇಬ, ತನ್ನ ಅಳಿಯ ಹೆಲಿಕಾಪ್ಟರಿನಲ್ಲಿ ಮದುವೆಗೆ ಬಂದದ್ದನ್ನು ನೂರನೇ ಸಲ ಹೇಳಲು ಶುರುಮಾಡಿದ.

"ಬಾಡಿಗಿದ್ದು ಏನ್ ಹೇಳ್ತಿಯೋ? ಇವತ್ತ ಹೊತ್ತು ಮುಳುಗೂದ್ರಾಗ ಸ್ವಂತ ವಿಮಾನದಾಗ ಹಾರಿ ಬರ್ತೀನಿ. ಬರಲಿಲ್ಲಂದ್ರ ಮೀಸಿ ಬೋಳಸ್ತೀನಿ!" ಎಂದುಬಿಟ್ಟ ಲಗಮಣ್ಣ.

ಮಾತು ಆಡಿದರೆ ಹೋಯಿತು. ಪುಣ್ಯಕ್ಕೆ, ನಿಪ್ಪಾಣಿ ಆಚೆಯ ಬಯಲಿನಲ್ಲಿ ಸಂಭಾಜಿ ಎಂಬ ನಿವೃತ್ತ ಪೈಲಟ್ ತನ್ನ ಹಳೆಯ ಎರಡು ಸೀಟಿನ ವಿಮಾನ ಮಾರಾಟಕ್ಕಿಟ್ಟಿದ್ದು ಮೊಬೈಲಿನಲ್ಲಿ ಸಿಕ್ಕಿತು. ಕಬ್ಬಿನ ಬಿಲ್ಲಿನ ಹಣವೂ ಆಗಷ್ಟೇ ಬಂದಿತ್ತು. ತೊಡಕೆಂದರೆ, ಲಗಮಣ್ಣನಿಗೆ ಎತ್ತು ಬಿಟ್ಟು ಬೇರೇನನ್ನೂ ಕೊಂಡು ಗೊತ್ತಿಲ್ಲ. ಆದ್ದರಿಂದ ದನದ ದಲ್ಲಾಳಿ ಕಾಡಸಿದ್ದನನ್ನೇ ಜೊತೆಗೆ ಕರೆದೊಯ್ದ. ನಮ್ಮೂರಿನ ಬುದ್ಧಿಯೇ ಅಷ್ಟು.

ಕಾಡಸಿದ್ದ ವಿಮಾನಕ್ಕೆ ಮೂರು ಸುತ್ತು ಬಂದ. ಬೆನ್ನು ತಟ್ಟಿದ, ಬಾಲ ಎತ್ತಲು ನೋಡಿದ, ಪಂಖದ ಹಿಂದೆ ಬಗ್ಗಿ ಹಲ್ಲು ಹುಡುಕಿದ.

"ವಯಸ್ಸಾಗೇತ್ರಿ ಇದಕ್ಕ."

"ನಮ್ಮಂಗ. ಆದ್ರ ಹಾರತೈತಿ," ಎಂದ ಸಂಭಾಜಿ. "ರೇಟ್ ಒಪ್ಪಿದ್ರ ಲಗಮಣ್ಣಾರನ್ನ ಕೂಡಿಸ್ಕೊಂಡು ನಾನ ಅಕ್ಕೋಳಕ್ಕ ಹಾರಸ್ಕೊಂಡ್ ಹೋಗ್ತೀನಿ."

ಮೀಸೆ ಉಳಿಯಿತೆಂದು ಲಗಮಣ್ಣ ನಿಟ್ಟುಸಿರು ಬಿಟ್ಟ. ಆದರೆ ಅಷ್ಟಕ್ಕೇ ವ್ಯಾಪಾರ ಮುಗಿದರೆ ದಲ್ಲಾಳಿಯ ಮರ್ಯಾದೆ ಏನಾಗಬೇಕು? ಗುಟ್ಟಾಗಿ ದರ ಕುದುರಿಸಲು ಕಾಡಸಿದ್ದ ಕೈಮೇಲೆ ಟವೆಲ್ ಮುಚ್ಚಿ, ಅದರೊಳಗೆ ಸಂಭಾಜಿಯ ಬೆರಳು ಹಿಡಿದ.

"ದನದ ಪ್ಯಾಟಿ ರಿವಾಜಿನಂಗ ಆಗಬೇಕ್ರಿ. ಹಣಿಗೆ ಅರಿಷಿಣದ ಭಂಡಾರ ಹಚ್ಚಿದ ಮ್ಯಾಲ ಯಾರೂ ಮಾತ ಮುರಿಯಂಗಿಲ್ಲ."

"ಎಲ್ಲಾ ರಿವಾಜೂ?" ಸಂಭಾಜಿ ಕೇಳಿದ.

"ಎಲ್ಲಾ ರಿವಾಜೂ!"

ಟವೆಲಿನೊಳಗೆ ಬೆರಳುಗಳು ಅರ್ಧ ತಾಸು ಜಗಳಾಡಿದವು. ಕೊನೆಗೆ ಒಂದು ಬೆರಳು ಇಳಿಯಿತು, ಅಂದರೆ ಒಂದು ಲಕ್ಷ ಉಳಿಯಿತು. ಲಗಮಣ್ಣ ಹಿಗ್ಗಿ ಹೀರೇಕಾಯಿಯಾದ. ದುಡ್ಡು ಕೈ ದಾಟಿತು. ಮೂವರ ಹಣೆಗೂ ವಿಮಾನದ ಮೂಗಿಗೂ ಭಂಡಾರ ಬಿತ್ತು.

ಆಗ ಸಂಭಾಜಿ ನಟ್ಟು ತಿರುಗಿಸುವ ಪಾನಾ ತಂದು ಆ ಮೂಗನ್ನೇ ಬಿಚ್ಚತೊಡಗಿದ. ಮೊದಲು ಪಂಖ ಬಂತು, ಆಮೇಲೆ ಇಂಜಿನ್.

"ಅಯ್ಯಯ್ಯ, ಇದೇನ್ರಿ?" ಲಗಮಣ್ಣ ಕಿರುಚಿದ.

"ನಮ್ಮಪ್ಪ ಚಿಂಚಲಿ ಪ್ಯಾಟ್ಯಾಗ ನಲವತ್ತ ವರ್ಷ ಎತ್ತ ಮಾರ್ಯಾನ್ರಿ. ಎತ್ತ ಕೊಡ್ತಾರ, ಹಗ್ಗ ಬಿಚ್ಚಿ ತಾವ ಇಟ್ಕೊಂತಾರ. ಹೌದಿಲ್ರಿ ದಲ್ಲಾಳಿ? ಎತ್ತು ಹಗ್ಗದ ಹಿಂದ ಹೋಗತೈತಿ, ವಿಮಾನ ಈ ಇಂಜಿನ್ನಿನ ಹಿಂದ ಹೋಗತೈತಿ."

ಕಾಡಸಿದ್ದ ಹೌದೆಂದು ತಲೆಯಾಡಿಸಲೇಬೇಕಾಯಿತು. ರಿವಾಜು ರಿವಾಜೇ.

"ಹಂಗಾರ ಮನಿಗೆ ಹೆಂಗ್ ಒಯ್ಯೂದ್ರಿ?" ಎಂದ ಲಗಮಣ್ಣ.

"ಅದಕ್ಯಾಕ ಚಿಂತಿ? ಹಗ್ಗ ಪುಕ್ಕಟೆ ಕೊಡ್ತೀನಿ, ಒಯ್ರಿ."

ಹೊತ್ತು ಮುಳುಗುವಾಗ, ರೆಕ್ಕೆಗಳನ್ನು ಬೆನ್ನಿಗೆ ಕಟ್ಟಿಕೊಂಡ ವಿಮಾನ ಟ್ರ್ಯಾಕ್ಟರಿನ ಹಿಂದೆ ಅಕ್ಕೋಳ ತಲುಪಿತು. ಟ್ರ್ಯಾಕ್ಟರ್ ಬಾಡಿಗೆಯದು. ದಾದಾಸಾಹೇಬ ಬಾಗಿಲಲ್ಲಿ ಕುರ್ಚಿ ಹಾಕಿಸಿ, ಕಟಿಂಗ್ ಅಂಗಡಿಯವನನ್ನೂ ಕರೆಸಿಟ್ಟಿದ್ದ.

"ಹಾರಿ ಬಂದಿಯೇನೋ ಲಗಮಣ್ಣ?"

"ರಸ್ತೇದಾಗ ತೆಗ್ಗ-ಗುಂಡಿ ಬಂದಲ್ಲೆಲ್ಲಾ ಹಾರೇನಪ್ಪಾ," ಎಂದು ಲಗಮಣ್ಣ ತಾನೇ ಹೋಗಿ ಕುರ್ಚಿಯಲ್ಲಿ ಕುಳಿತ. "ನಡೀಲಿ. ನನ್ನಂಥಾ ಶಾಣ್ಯಾಗ ಮೀಸಿ ಯಾಕ ಬೇಕು?"

ಮನೆ ಮುಂದೆ ಹೆಂಡತಿ ಶಿವಗಂಗವ್ವ ಹೊಸ ವಿಮಾನಕ್ಕೆಂದು ಆರತಿ ಹಿಡಿದು ನಿಂತಿದ್ದಳು. ವಿಮಾನವನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು.

"ಅದಕ್ಕ ಮೂಗಿಲ್ಲ, ನಿಮಗ ಮೀಸಿಲ್ಲ. ಜೋಡಿ ಹೊಂದೇತಿ ಬಿಡ್ರಿ," ಎಂದು ಇಬ್ಬರಿಗೂ ಕೂಡಿಯೇ ಆರತಿ ಬೆಳಗಿದಳು.